ಮೊದಲಕ್ಷರ ಇಲ್ಲದ ‘ಓಗಿನ್’: ಡಯಲ್-ಅಪ್ ಕಾಲದ ಒಂದು ರಟ್ಟಿನ ಚೀಟಿ

ಕಳೆದ ತಿಂಗಳು ಕಾಕಾನ ಜೆರಾಕ್ಸ್ ಅಂಗಡಿಗೆ ಸುಣ್ಣ ಹೊಡೆಸುವ ಕೆಲಸ ಇತ್ತು. ಹಳೇ ಮರದ ಕಪಾಟು ಸರಿಸಿದಾಗ ಅದರ ಹಿಂದೆ ಒಂದು ರಟ್ಟಿನ ತುಂಡು ಸಿಕ್ಕಿತು. ಕಾಕಾನ ಕೈಬರಹ, ಏಳು ಸಾಲು. ಮೂಲದಲ್ಲಿ ಇಂಗ್ಲಿಷ್ ಅಕ್ಷರ, ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ:

ಅಬಾರ್ಟ್ – ಬಿಜಿ
ಅಬಾರ್ಟ್ – ನೋ ಕ್ಯಾರಿಯರ್
(ಖಾಲಿ) – ಎಟಿಝಡ್
ಓಕೆ – ಎಟಿಡಿಟಿ, ಮುಂದೆ ಫೋನ್ ನಂಬರ್
ಕನೆಕ್ಟ್ – (ಖಾಲಿ)
ಓಗಿನ್ – ಹೆಸರು
ಸ್ವರ್ಡ್ – ಪಾಸ್‌ವರ್ಡ್

ನಾಲ್ಕನೇ ಸಾಲಿನ ಕೊನೆಯ ‘ಟಿ’ ಮೊದಲು ‘ಪಿ’ ಆಗಿತ್ತು, ತಿದ್ದಿದ್ದು ಕಾಣುತ್ತದೆ. ಕೊನೆಯ ಎರಡು ಸಾಲಿನ ಮೇಲೆ ಪೆನ್ನಿನಿಂದ ಅಡ್ಡ ಗೆರೆ ಎಳೆದಿದೆ. ಇನ್ನು ಆ ‘ಓಗಿನ್’ ಮತ್ತು ‘ಸ್ವರ್ಡ್’. ಲಾಗಿನ್ ಎಂಬುದರ ಮೊದಲಕ್ಷರ ಇಲ್ಲ, ಪಾಸ್‌ವರ್ಡ್ ಎಂಬುದರ ಮೊದಲೆರಡು ಅಕ್ಷರ ಇಲ್ಲ. ಸುಣ್ಣ ಹೊಡೆಯಲು ಬಂದ ಹುಡುಗ ನೋಡಿ, “ಕಾಕಾಗ ಸ್ಪೆಲಿಂಗ್ ಬರ್ತಿದ್ದಿಲ್ಲ ಏನ್ರೀ?” ಅಂದ. ನನಗೂ ಹತ್ತನೇ ಕ್ಲಾಸಿನಲ್ಲಿ ಇದೇ ಅನುಮಾನ ಇತ್ತು.

ಈಗಿನ ಜೆರಾಕ್ಸ್ ಅಂಗಡಿ 2003ರಲ್ಲಿ ಎಸ್‌ಟಿಡಿ ಬೂತು, ಜತೆಗೆ ಇಂಟರ್ನೆಟ್ ಸೆಂಟರ್. ವಿಂಡೋಸ್ 98 ಇದ್ದ ನಾಲ್ಕು ಕಂಪ್ಯೂಟರ್ ಗಿರಾಕಿಗಳಿಗೆ. ಮೂಲೆಯಲ್ಲಿ ಮಾನಿಟರ್ ಕೂಡ ಸರಿ ಇಲ್ಲದ ಐದನೆಯದೊಂದು. ಅದರಲ್ಲಿ ಲಿನಕ್ಸ್. ಫೋನ್ ಲೈನ್ ಇಂಟರ್ನೆಟ್ಟಿಗೆ ಒಂದೇ, ಮೋಡೆಮ್ ಒಂದೇ. ಲಿನಕ್ಸ್ ಕಂಪ್ಯೂಟರ್ ಡಯಲ್ ಮಾಡಿ ಸಂಪರ್ಕ ತಗೊಂಡು ಉಳಿದ ನಾಲ್ಕಕ್ಕೂ ಹಂಚುತ್ತಿತ್ತು. ಆ ಹಂಚಿಕೆಗೆ ಮಾಸ್ಕರೇಡಿಂಗ್ ಎಂದು ಹೆಸರು. ಸಣ್ಣ ಸೆಂಟರ್‌ಗಳಿಗೆ ಇದು ಕಡಿಮೆ ಖರ್ಚಿನ ದಾರಿ. ಲಿನಕ್ಸ್‌ಗೆ ದುಡ್ಡು ಕೊಡಬೇಕಿರಲಿಲ್ಲ. 1996ರಿಂದಲೇ ಪಿಸಿ ಕ್ವೆಸ್ಟ್ ಪತ್ರಿಕೆ ಅದನ್ನು ಸಿಡಿಯಲ್ಲಿ ಹಾಕಿ ಓದುಗರಿಗೆ ಕೊಡುತ್ತಿತ್ತು.

ಚೀಟಿಯಲ್ಲಿ ಇರುವುದು ಆ ಲಿನಕ್ಸ್ ಕಂಪ್ಯೂಟರಿಗೆ ಕಲಿಸಿದ ಪಾಠ. ಇದಕ್ಕೆ ಚಾಟ್ ಸ್ಕ್ರಿಪ್ಟ್ ಅನ್ನುತ್ತಾರೆ. ಎಡಗಡೆ ಇರುವುದು ಕೇಳಿಸಿಕೊಳ್ಳಬೇಕಾದ ಮಾತು, ಬಲಗಡೆ ಇರುವುದು ಹೇಳಬೇಕಾದ ಮಾತು. ಮೊದಲ ಸಲ ಬೂತಿಗೆ ಫೋನ್ ಮಾಡಲು ಕಳಿಸುವಾಗ ನಮ್ಮಜ್ಜಿ ಹೇಳಿಕೊಡುತ್ತಿದ್ದಳಲ್ಲ, “ಆ ಕಡೆಯಿಂದ ಹಲೋ ಅಂದ್ರ ಹೆಸರು ಹೇಳು, ಯಾರು ಬೇಕು ಅಂದ್ರ ಮಾವನ್ನ ಕರೀರಿ ಅನ್ನು” ಅಂತ, ಅದೇ ರೀತಿ. ಮೊದಲು ಮೋಡೆಮ್ಮಿಗೆ ‘ಎಟಿಝಡ್’ ಎಂದು ಎಚ್ಚರಿಸು. ಅದು ‘ಓಕೆ’ ಅಂದರೆ ನಂಬರ್ ಹೊಡೆ. ‘ಕನೆಕ್ಟ್’ ಅಂದರೆ ಬರೀ ಎಂಟರ್ ಒತ್ತು. ಲಾಗಿನ್ ಕೇಳಿದರೆ ಹೆಸರು, ಪಾಸ್‌ವರ್ಡ್ ಕೇಳಿದರೆ ಪಾಸ್‌ವರ್ಡ್. ಮಧ್ಯೆ ಎಲ್ಲಾದರೂ ‘ಬಿಜಿ’ ಎಂದೋ ‘ನೋ ಕ್ಯಾರಿಯರ್’ ಎಂದೋ ಕೇಳಿಸಿದರೆ ಕಾಯುತ್ತ ಕೂರಬೇಡ, ಅಲ್ಲೇ ಬಿಟ್ಟುಬಿಡು.

ಈ ಪದ್ಧತಿ ಕಾಕಾನದ್ದಲ್ಲ, ಲಿನಕ್ಸಿನದ್ದೂ ಅಲ್ಲ. 1976ರ ಹೊತ್ತಿಗೆ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಮೈಕ್ ಲೆಸ್ಕ್ ಎಂಬುವವರು ಯುಯುಸಿಪಿ ಎಂಬ ಪ್ರೋಗ್ರಾಂ ಬರೆದರು. ಒಂದು ಯೂನಿಕ್ಸ್ ಕಂಪ್ಯೂಟರ್ ಇನ್ನೊಂದಕ್ಕೆ ತಾನೇ ಫೋನ್ ಮಾಡಿ ಫೈಲು, ಪತ್ರ ಕಳಿಸಿ ಇಡುವ ವ್ಯವಸ್ಥೆ. 1979ರಲ್ಲಿ ಯೂನಿಕ್ಸಿನ ಏಳನೇ ಆವೃತ್ತಿ ಜತೆಗೆ ಅದು ಹೊರಗೆ ಹೋಯಿತು. ಅದರಲ್ಲಿ ‘ಎಲ್ ಡಾಟ್ ಸಿಸ್’ ಎಂಬ ಒಂದು ಫೈಲ್. ಪ್ರತಿ ಊರಿನ ಕಂಪ್ಯೂಟರಿಗೆ ಒಂದು ಸಾಲು: ಅದರ ಹೆಸರು, ಯಾವ ಹೊತ್ತಿಗೆ ಫೋನ್ ಮಾಡಬಹುದು, ಯಾವ ವೇಗ, ಯಾವ ನಂಬರ್, ಕೊನೆಗೆ ಕಾಯುವ ಮಾತು ಮತ್ತು ಕಳಿಸುವ ಮಾತುಗಳ ಸರಪಳಿ. ಹೊತ್ತಿನ ಕಲಂ ಯಾಕೆಂದು ನಮ್ಮ ಕಡೆಯವರಿಗೆ ವಿವರಿಸಬೇಕಿಲ್ಲ. ರಾತ್ರಿ ಫೋನ್ ಅಗ್ಗ. ಅಲ್ಲಿಯೂ ಹಾಗೇ. ಕಂಪ್ಯೂಟರ್‌ಗಳು ಹಗಲೆಲ್ಲ ಪತ್ರ ಗುಡ್ಡೆ ಹಾಕಿಕೊಂಡು ರಾತ್ರಿ ಒಂದಕ್ಕೊಂದು ಫೋನ್ ಮಾಡುತ್ತಿದ್ದವು.

‘ಓಗಿನ್’ ಹುಟ್ಟಿದ್ದು ಅದೇ ಫೈಲಿನ ಬಳಕೆಯಲ್ಲಿ. ಒಂದು ಕಂಪ್ಯೂಟರ್ ದೊಡ್ಡ ‘ಎಲ್’ ಹಾಕಿ ಲಾಗಿನ್ ಕೇಳುತ್ತದೆ, ಇನ್ನೊಂದು ಸಣ್ಣ ‘ಎಲ್’ ಹಾಕಿ ಕೇಳುತ್ತದೆ. ಯಂತ್ರದ ಲೆಕ್ಕದಲ್ಲಿ ಅವೆರಡೂ ಬೇರೆ ಬೇರೆ ಅಕ್ಷರ. ಮೇಲಾಗಿ ಫೋನ್ ತಂತಿಯಲ್ಲಿ ಗದ್ದಲ. ಮಾತು ಶುರುವಾಗುವ ಗಳಿಗೆಯಲ್ಲಿ ಮೊದಲಕ್ಷರವೇ ಕೆಡುವುದು ಹೆಚ್ಚು. ಪೂರಾ ಪದ ಬರಲಿ ಎಂದು ಹಟ ಹಿಡಿದರೆ ಸ್ಕ್ರಿಪ್ಟು ಕಾಯುತ್ತಲೇ ಇರುತ್ತದೆ. ಹಾಗಾಗಿ ನಂಬಲಾಗದ ಮೊದಲಕ್ಷರ ಬಿಟ್ಟು ಉಳಿದದ್ದನ್ನು ಮಾತ್ರ ಕಾದರು. ಅಷ್ಟೂ ಕೆಟ್ಟರೆ ಅದಕ್ಕೂ ಉಪಾಯ ಇತ್ತು. ‘ಓಗಿನ್’ ಬರಲಿಲ್ಲವಾ, ಬರೀ ಒಂದು ಎಂಟರ್ ಕಳಿಸು, ಆ ಕಡೆಯವನು ಇನ್ನೊಮ್ಮೆ ಕೇಳುತ್ತಾನೆ, ಮತ್ತೆ ಕಾಯಿ. ಕೆಟ್ಟ ಲೈನಿನಲ್ಲಿ ನಾವು “ಏನಂದ್ರಿ?” ಅನ್ನುತ್ತೇವಲ್ಲ, ಅದು. ಸ್ಪೆಲಿಂಗ್ ತಪ್ಪು ಅಂದುಕೊಂಡದ್ದು ಕಾಕಾ ಹುಟ್ಟಿಸಿದ್ದೇ ಅಲ್ಲ. ಕೆಟ್ಟ ತಂತಿಯ ಮೇಲೆ ಕೆಲಸ ಮಾಡಿದವರ ಅನುಭವ ಆ ಎರಡು ಪದಗಳಲ್ಲಿ ಉಳಿದುಕೊಂಡು ಇಪ್ಪತ್ತು ವರ್ಷಕ್ಕೂ ಮೀರಿ ನಮ್ಮೂರಿನ ತನಕ ಬಂದಿತ್ತು.

ನಮ್ಮ ದೇಶಕ್ಕೂ ಯುಯುಸಿಪಿ ಬಂದಿತ್ತು. 1980ರ ದಶಕದ ಕೊನೆಗೆ ಅರ್ನೆಟ್ ಎಂಬ ಶಿಕ್ಷಣ ಸಂಸ್ಥೆಗಳ ಜಾಲ ಶುರುವಾದಾಗ ಪತ್ರಗಳು ಹೋಗುತ್ತಿದ್ದದ್ದು ಹೀಗೆ ಡಯಲ್ ಮಾಡಿಯೇ. ಬೆಂಗಳೂರಿನ ಐಐಎಸ್‌ಸಿ ಆ ಜಾಲದ ಮೊದಲ ಸಂಸ್ಥೆಗಳಲ್ಲಿ ಒಂದು.

ಇನ್ನು ‘ಎಟಿ’ಯಿಂದ ಶುರುವಾಗುವ ಸಾಲುಗಳು. ಅವು 1981ರಲ್ಲಿ ಬಂದ ಹೇಯ್ಸ್ ಕಂಪನಿಯ ಸ್ಮಾರ್ಟ್‌ಮೋಡೆಮ್‌ನವು. ಅದರ ವೇಗ ಸೆಕೆಂಡಿಗೆ 300 ಬಿಟ್, ಅಂದರೆ ಸುಮಾರು 30 ಅಕ್ಷರ. ಅದಕ್ಕೂ ಮೊದಲು ಎಷ್ಟೋ ಕಡೆ ಫೋನ್ ರಿಸೀವರ್ ಅನ್ನೇ ರಬ್ಬರ್ ಬಟ್ಟಲಲ್ಲಿ ಒತ್ತಿಡಬೇಕಿತ್ತು, ನಂಬರ್ ಮನುಷ್ಯನೇ ತಿರುಗಿಸಬೇಕಿತ್ತು. ಹೇಯ್ಸ್ ಮೋಡೆಮ್ ಅಕ್ಷರದ ಅಪ್ಪಣೆ ಕೇಳಿ ತಾನೇ ಡಯಲ್ ಮಾಡಿತು. ‘ಎಟಿ’ ಅಂದರೆ ಅಟೆನ್ಷನ್. ಆಮೇಲೆ ಉಳಿದ ಕಂಪನಿಗಳೂ ಅದನ್ನೇ ಎತ್ತಿಕೊಂಡವು.

‘ಡಿಪಿ’ ಮತ್ತು ‘ಡಿಟಿ’ ವ್ಯತ್ಯಾಸದಲ್ಲಿ ನಮ್ಮ ಭಾಗದ ಚರಿತ್ರೆಯೇ ಇದೆ. ‘ಪಿ’ ಅಂದರೆ ಪಲ್ಸ್, ಹಳೇ ಚಕ್ರದ ಫೋನಿನ ಹಾಗೆ ಟಿಕ್ ಟಿಕ್ ಎಣಿಸುವುದು. ‘ಟಿ’ ಅಂದರೆ ಟೋನ್, ಗುಂಡಿ ಒತ್ತಿದಾಗಿನ ಸ್ವರ. ಹಳೇ ಎಕ್ಸ್‌ಚೇಂಜ್‌ಗಳಿಗೆ ಪಲ್ಸ್ ಬಿಟ್ಟು ಬೇರೆ ತಿಳಿಯುತ್ತಿರಲಿಲ್ಲ. 1984ರಲ್ಲಿ ಕೇಂದ್ರ ಸರ್ಕಾರ ಸಿ-ಡಾಟ್ ಸಂಸ್ಥೆ ಕಟ್ಟಿತು. ಸ್ಯಾಮ್ ಪಿತ್ರೋಡಾ ಮುಂದೆ ನಿಂತಿದ್ದರು. ಹಳ್ಳಿಗಳಿಗೆಂದೇ ಅದು ಮಾಡಿದ 128 ಪೋರ್ಟಿನ ಸಣ್ಣ ಎಕ್ಸ್‌ಚೇಂಜ್ 1986ರಲ್ಲಿ ಮೊದಲು ಕೂತದ್ದು ನಮ್ಮ ಕಿತ್ತೂರಿನಲ್ಲಿ. ಧೂಳು ತಡೆಯಬೇಕು, ಸೆಕೆ ತಡೆಯಬೇಕು, ಎಸಿ ಕೋಣೆ ಕೇಳಬಾರದು, ಹಾಗೆ ಮಾಡಿದ ಯಂತ್ರ. ಕಿತ್ತೂರು ಅಂದರೆ ಚೆನ್ನಮ್ಮ ಮಾತ್ರ ನೆನಪಾಗುವ ನಮಗೆ ಇದೂ ನೆನಪಿರಬೇಕಿತ್ತು. ಕಾಕಾನ ಚೀಟಿಯಲ್ಲಿ ‘ಪಿ’ ತಿದ್ದಿ ‘ಟಿ’ ಮಾಡಿದ್ದು ನಮ್ಮೂರಿನ ಲೈನ್ ಟೋನ್ ಹಿಡಿಯಲು ಶುರು ಮಾಡಿದ ದಿನ.

1995ರ ಆಗಸ್ಟ್ 15ರಂದು ವಿಎಸ್‌ಎನ್‌ಎಲ್ ಸಾರ್ವಜನಿಕರಿಗೆ ಇಂಟರ್ನೆಟ್ ಕೊಟ್ಟಿತು. ಮೊದಲು ದೊಡ್ಡ ನಗರಗಳಿಗೆ ಮಾತ್ರ. ಅಗ್ಗದ ಖಾತೆಯಲ್ಲಿ ಸಿಗುತ್ತಿದ್ದದ್ದು ಬರೀ ಅಕ್ಷರ, ಚಿತ್ರ ಇಲ್ಲ. ಡಯಲ್ ಮಾಡಿದರೆ ಆ ಕಡೆಯ ಯೂನಿಕ್ಸ್ ಕಂಪ್ಯೂಟರ್ ಲಾಗಿನ್ ಕೇಳುತ್ತಿತ್ತು. ಹಳ್ಳಿಯವರಿಗೆ ದೊಡ್ಡ ಅಡ್ಡಿ ಬೇರೆಯೇ ಇತ್ತು: ಇಂಟರ್ನೆಟ್ಟಿನ ನಂಬರ್ ಪರಸ್ಥಳದಲ್ಲಿದ್ದರೆ ಎಸ್‌ಟಿಡಿ ಬಿಲ್. ಮುಂದೆ 172ರಿಂದ ಶುರುವಾಗುವ ನಂಬರ್‌ಗಳು ಬಂದು ಲೋಕಲ್ ಕಾಲ್ ದರದಲ್ಲಿ ಇಂಟರ್ನೆಟ್ ಸಿಕ್ಕ ಮೇಲೆಯೇ ತಾಲ್ಲೂಕಿನಲ್ಲಿ ಸೆಂಟರ್ ಹಾಕುವ ಧೈರ್ಯ ಕಾಕಾನಂಥವರಿಗೆ ಬಂದದ್ದು.

ಯೂನಿಕ್ಸ್ ಜಗತ್ತಿನಲ್ಲಿ ಅಷ್ಟರೊಳಗೆ ಯುಯುಸಿಪಿ ಹಿಂದೆ ಸರಿದು ಪಿಪಿಪಿ ಬಂದಿತ್ತು. ಫೋನ್ ತಂತಿಯ ಮೇಲೆ ಪೂರ್ತಿ ಇಂಟರ್ನೆಟ್ ಹರಿಸುವ ಒಪ್ಪಂದ ಅದು. ಲಿನಕ್ಸ್‌ನಲ್ಲಿ ಅದನ್ನು ನಡೆಸುವ ಪ್ರೋಗ್ರಾಂ ಪಿಪಿಪಿಡಿ. ಆಸ್ಟ್ರೇಲಿಯಾದ ಪಾಲ್ ಮೆಕೆರಾಸ್ ಅದನ್ನು ಬೆಳೆಸಿದವರು. ಅದರ ಪಕ್ಕದಲ್ಲೇ ಚಾಟ್ ಎಂಬ ಪುಟ್ಟ ಪ್ರೋಗ್ರಾಂ, ಕಾರ್ಲ್ ಫಾಕ್ಸ್ ಬರೆದದ್ದು. ಡಯಲ್ ಮಾಡಿ ಲಾಗಿನ್ ಆಗುವ ತನಕ ಚಾಟ್, ಅಲ್ಲಿಂದ ಮುಂದೆ ಪಿಪಿಪಿಡಿ. ಹಳೇ ಕಾಯುವ-ಕಳಿಸುವ ಸರಪಳಿಯೇ ಹೊಸ ಮನೆ ಸೇರಿತ್ತು, ‘ಓಗಿನ್’ ಸಮೇತ.

ವಿಂಡೋಸ್‌ನಲ್ಲಿ ಡಯಲ್ ಆಗದಿದ್ದರೆ ಒಂದು ಪೆಟ್ಟಿಗೆ ಬಂದು ಎರರ್ ನಂಬರ್ ತೋರಿಸುತ್ತಿತ್ತು, ಗಿರಾಕಿ ಮತ್ತೆ ಡಯಲ್ ಒತ್ತುತ್ತಿದ್ದ. ಚಾಟ್ ಹಾಗಲ್ಲ. ‘ವಿ’ ಎಂಬ ಒಂದು ಗುರುತು ಹಾಕಿ ಓಡಿಸಿದರೆ ಏನು ಕಾದೆ, ಏನು ಕೇಳಿಸಿತು, ಏನು ಕಳಿಸಿದೆ ಎಂದು ಒಂದೊಂದಾಗಿ ಲಾಗ್ ಫೈಲಿನಲ್ಲಿ ಬರೆದಿಡುತ್ತದೆ. ಕೊನೆಗೆ ಒಂದು ಅಂಕಿ ಬಿಟ್ಟು ಹೋಗುತ್ತದೆ. 0 ಅಂದರೆ ಎಲ್ಲ ಸರಿ. 3 ಅಂದರೆ ಕಾದು ಕಾದು ಹೊತ್ತು ಮುಗಿಯಿತು. ನಾವು ಬೇರೆ ಹೇಳದಿದ್ದರೆ ಅದು ಕಾಯುವುದು 45 ಸೆಕೆಂಡ್. 4 ಅಂದರೆ ಅಬಾರ್ಟ್ ಪಟ್ಟಿಯ ಮೊದಲನೇ ಮಾತು ಕೇಳಿಸಿತು, 5 ಅಂದರೆ ಎರಡನೇದು. ಕಾಕಾನ ಚೀಟಿಯ ಪ್ರಕಾರ 4 ಬಂದರೆ ಬಿಜಿ, 5 ಬಂದರೆ ನೋ ಕ್ಯಾರಿಯರ್.

ಈ ಅಂಕಿಗಳಲ್ಲಿ ದುಡ್ಡಿನ ಲೆಕ್ಕ ಇತ್ತು. ಬಿಜಿ ಇದ್ದರೆ ಆ ಕಡೆ ಯಾರೂ ಫೋನ್ ಎತ್ತಿಲ್ಲ, ಚಾರ್ಜ್ ಇಲ್ಲ, ಎಷ್ಟು ಸಲ ಬೇಕಾದರೂ ಹೊಡೆಯಬಹುದು. ‘ಕನೆಕ್ಟ್’ ಆದ ಮೇಲೆ 3 ಬಂದರೆ ಹಾಗಲ್ಲ. ಫೋನ್ ಎತ್ತಿದ್ದಾರೆ, ಮೀಟರ್ ಓಡಿದೆ, ಕೆಲಸ ಆಗಿಲ್ಲ. ಹೊರಗಿನಿಂದ ನೋಡಿದವನಿಗೆ ಎರಡೂ ಒಂದೇ, “ನೆಟ್ ಇಲ್ಲ.” ಕಾಕಾಗೆ ಈ ಮಾತು ಕೇಳಿದರೆ ಸಿಟ್ಟು ಬರುತ್ತಿತ್ತು. “ನೆಟ್ ಇಲ್ಲ ಅನಬ್ಯಾಡಪ್ಪ. ಎಲ್ಲಿ ನಿಂತೈತಿ ಹೇಳು” ಅನ್ನುತ್ತಿದ್ದ.

ಆ ವರ್ಷದ ಪಿಯುಸಿ ರಿಸಲ್ಟ್ ದಿನ. ನಮ್ಮಕ್ಕನೂ ಬರೆದಿದ್ದಳು. ಬೆಳಿಗ್ಗೆಯಿಂದ ಅಂಗಡಿ ಮುಂದೆ ಮೂವತ್ತು ಮೂವತ್ತೈದು ಹುಡುಗ ಹುಡುಗಿಯರು, ಕೈಯಲ್ಲಿ ಹಾಲ್ ಟಿಕೆಟ್. ಮೋಡೆಮ್ ಡಯಲ್ ಮಾಡಿತು, ಕಿರುಚಿತು, ದೀಪ ಮಿನುಗಿತು, ಆಮೇಲೆ ಗಪ್‌ಚುಪ್. ಮುಕ್ಕಾಲು ನಿಮಿಷ ಕಳೆದ ಮೇಲೆ ಕಟ್. ಮತ್ತೆ ಡಯಲ್, ಮತ್ತೆ ಕಟ್. ಹಿಂದಿನ ರಾತ್ರಿ ತನಕ ಸರಿ ಇತ್ತು. ಯಾರೋ “ರಿಸಲ್ಟ್ ದಿನ ಲೋಡ್ ಜಾಸ್ತಿ” ಅಂದರು. ಪಕ್ಕದ ಕಂಪ್ಯೂಟರ್ ಕ್ಲಾಸಿನ ಮಾಸ್ತರು ಬಂದು ಪಾಸ್‌ವರ್ಡ್ ತಪ್ಪಿರಬೇಕು ಎಂದು ಮೂರು ಸಲ ಹೊಸದಾಗಿ ಟೈಪ್ ಮಾಡಿದರು. ಪ್ರತಿ ಸಲವೂ ಫೋನಿನ ಚಾರ್ಜ್ ಏರುತ್ತಿತ್ತು. ಕೆಲವರು ಕಾಲೇಜಿನ ಬೋರ್ಡಿನಲ್ಲೇ ನೋಡೋಣ ಎಂದು ಬಸ್ಸಿಗೆ ಹೋದರು. ಅಕ್ಕ ಬಾಗಿಲಲ್ಲೇ ನಿಂತಿದ್ದಳು, ಮಾತಿಲ್ಲ.

ಕಾಕಾ ಪಟ್ಟಣಕ್ಕೆ ಹೋಗಿದ್ದವನು ಬಂದ. ಯಾರ ಮಾತನ್ನೂ ಕೇಳದೆ ಲಾಗ್ ತೆಗೆದ. ಎಟಿಝಡ್ ಹೋಗಿದೆ, ಓಕೆ ಬಂದಿದೆ. ನಂಬರ್ ಹೋಗಿದೆ, ಕನೆಕ್ಟ್ ಬಂದಿದೆ. ಮುಂದಿನ ಸಾಲು ‘ಓಗಿನ್’ಗೆ ಕಾಯುತ್ತಿದ್ದೇನೆ ಎಂದು. ಅದರ ಕೆಳಗೆ ಅಲಾರ್ಮ್, ಅದರ ಕೆಳಗೆ ಫೇಲ್ಡ್. ಕಾಕಾ ಮಾಸ್ತರಿಗೆ, “ಅಲ್ರೀ ಸರ, ಅದು ಪಾಸ್‌ವರ್ಡ್ ಕೇಳೇ ಇಲ್ಲ. ಹೆಸರೂ ಕೇಳಿಲ್ಲ. ತಪ್ಪಾಗೋದ್ ಎಲ್ಲಿಂದ ಬಂತು?” ಅಂದ.

ಆಮೇಲೆ ಸ್ಕ್ರಿಪ್ಟ್ ಬದಿಗಿಟ್ಟು ಮಿನಿಕಾಮ್ ಎಂಬ ಪ್ರೋಗ್ರಾಂ ತೆಗೆದು ಕೈಯಿಂದಲೇ ಎಟಿಡಿಟಿ ಹೊಡೆದ. ಕನೆಕ್ಟ್ ಬಂತು. ಎಂಟರ್ ಒತ್ತಿದ. ಲಾಗಿನ್ ಬರಲಿಲ್ಲ. ಪರದೆ ಮೇಲೆ ಅರ್ಥವಿಲ್ಲದ ಚಿಹ್ನೆಗಳು ಸುರಿದವು, ಅಲೆಯಂಥ ‘~’ ಗುರುತು, ನಡುನಡುವೆ ಬಾಗಿದ ಆವರಣ ಚಿಹ್ನೆ ‘}’, ಮತ್ತೆ ‘~’. ಮಾಸ್ತರು “ಲೈನ್ ಕೆಟ್ಟೈತಿ” ಅಂದರು. ಕಾಕಾ ನಕ್ಕ. “ಕೆಟ್ಟಿಲ್ಲ. ಇದು ಪಿಪಿಪಿ ಮಾತು. ಹೆಸರು ಕೇಳೋದ್ ಬಿಟ್ಟು ಸೀದಾ ಪಿಪಿಪಿ ಶುರು ಮಾಡ್ಯಾರ.”

ಪಿಪಿಪಿಯ ಪ್ರತಿ ಪೊಟ್ಟಣ ‘~’ ಎಂಬ ಬೈಟಿನಿಂದ ಶುರುವಾಗಿ ಅದರಿಂದಲೇ ಮುಗಿಯುತ್ತದೆ. ಮನುಷ್ಯರಿಗೆ ಕಸದಂತೆ ಕಂಡರೂ ಗೊತ್ತಿದ್ದವರಿಗೆ ಅದು ಸಹಿ ಇದ್ದಂತೆ. ಇಂಟರ್ನೆಟ್ ಕೊಡುವ ಕಂಪನಿ (ಹೆಸರು ಬೇಡ, ಆಗ ಎಷ್ಟೋ ಕಂಪನಿಗಳು ಹೀಗೇ ಮಾಡಿದವು) ರಾತ್ರೋರಾತ್ರಿ ತನ್ನ ಯಂತ್ರ ಬದಲಿಸಿತ್ತು. ಅಕ್ಷರದಲ್ಲಿ ಲಾಗಿನ್ ಕೇಳುವ ಪದ್ಧತಿ ತೆಗೆದು, ಪಿಪಿಪಿಯ ಒಳಗೇ ಹೆಸರು-ಪಾಸ್‌ವರ್ಡ್ ಒಪ್ಪಿಸುವ ಪ್ಯಾಪ್ ಎಂಬ ಪದ್ಧತಿ ಹಾಕಿತ್ತು. ಪ್ಯಾಪ್ ಬರಹದಲ್ಲಿ ಬಂದದ್ದು 1992ರಲ್ಲೇ. ಅದನ್ನು ಎಲ್ಲೆಡೆ ಓಡಿಸಿದ್ದು ವಿಂಡೋಸ್. ವಿಂಡೋಸ್ 95ರ ಡಯಲ್-ಅಪ್‌ನಲ್ಲಿ ಹೆಸರು, ಪಾಸ್‌ವರ್ಡ್ ತುಂಬಲು ಎರಡು ಖಾನೆ ಇದ್ದವು. ಕಾಯುವ-ಕಳಿಸುವ ಸ್ಕ್ರಿಪ್ಟ್ ಬರೆಯುವುದು ಅದರ ಸಾಮಾನ್ಯ ಬಳಕೆದಾರನ ಕೆಲಸವಾಗಿರಲಿಲ್ಲ. ಗಿರಾಕಿಗಳಲ್ಲಿ ಹೆಚ್ಚಿನವರು ಅವರೇ ಆದಮೇಲೆ ಕಂಪನಿಗಳು ಲಾಗಿನ್ ಪ್ರಶ್ನೆಯನ್ನೇ ಕೈಬಿಟ್ಟವು. ಆದ್ದರಿಂದ ಪಟ್ಟಣದ ವಿಂಡೋಸ್ ಸೆಂಟರ್‌ಗಳಿಗೆ ಆ ದಿನ ಏನೂ ಆಗಲಿಲ್ಲ. ನಮ್ಮ ಸ್ಕ್ರಿಪ್ಟ್ ಮಾತ್ರ ಎಂದೂ ಬಾರದ ಪ್ರಶ್ನೆಗೆ 45 ಸೆಕೆಂಡ್ ಕಾದು ಕಾದು ಫೋನ್ ಇಡುತ್ತಿತ್ತು.

ಕಾಕಾ ಚೀಟಿಯ ಕೊನೆಯ ಎರಡು ಸಾಲಿಗೆ ಗೆರೆ ಎಳೆದ. ಸ್ಕ್ರಿಪ್ಟಿನಲ್ಲೂ ಅವನ್ನು ಅಳಿಸಿದ. ಹೆಸರು, ಪಾಸ್‌ವರ್ಡ್‌ಗಳನ್ನು ಪ್ಯಾಪ್-ಸೀಕ್ರೆಟ್ಸ್ ಎಂಬ ಫೈಲಿಗೆ ಬರೆದ. ಯಾವ ಹೆಸರಿನಿಂದ ಒಪ್ಪಿಸಬೇಕೆಂದು ಪಿಪಿಪಿಡಿಗೆ ಹೇಳಿದ. ಡಯಲ್. ಈ ಸಲ ಕನೆಕ್ಟ್ ಬಂದ ಕೂಡಲೇ ಚಾಟ್ ಪಕ್ಕಕ್ಕೆ ಸರಿಯಿತು, ಪಿಪಿಪಿಡಿ ಮಾತು ಎತ್ತಿಕೊಂಡಿತು, ಸ್ವಲ್ಪ ಹೊತ್ತಿಗೆ ಐಪಿ ವಿಳಾಸ ಬಂತು. ಅಕ್ಕನ ನಂಬರನ್ನೇ ಮೊದಲು ಹಾಕಿದರು. ಸೆಕೆಂಡ್ ಕ್ಲಾಸ್. ಅವಳು ಅತ್ತದ್ದು ಆಗ. ಬಸ್ಸಿಗೆ ಹೋದವರಲ್ಲಿ ಇಬ್ಬರು ಸಂಜೆ ವಾಪಸು ಬಂದು ಮಾರ್ಕ್ಸ್ ಪ್ರಿಂಟ್ ತಗೊಂಡು ಹೋದರು.

ಇದರ ಉಲ್ಟಾ ತೊಂದರೆಯೂ ಉಂಟು, ಅದನ್ನೂ ಹೇಳಬೇಕು. ಆ ಕಡೆಯವನು ಇನ್ನೂ ಲಾಗಿನ್ ಕೇಳುತ್ತಿರುವಾಗ ನಮ್ಮ ಸ್ಕ್ರಿಪ್ಟ್ ಬೇಗ ಮುಗಿದು ಪಿಪಿಪಿಡಿ ಮಾತು ಶುರು ಮಾಡಿದರೆ, ಆ ಕಡೆಯ ಯಂತ್ರ ಬಂದ ಅಕ್ಷರಗಳನ್ನು ಹಾಗೇ ವಾಪಸು ಕಳಿಸುತ್ತದೆ. ಟೈಪ್ ಮಾಡಿದವನಿಗೆ ತಾನು ಟೈಪ್ ಮಾಡಿದ್ದು ಕಾಣಲಿ ಎಂದು ಮಾಡಿದ ಏರ್ಪಾಡು ಅದು. ಪಿಪಿಪಿಡಿಗೆ ತನ್ನ ದನಿಯೇ ಗುಡ್ಡಕ್ಕೆ ಬಡಿದು ಬಂದಂತೆ ಕೇಳಿಸುತ್ತದೆ. ಆಗ ಲಾಗ್‌ನಲ್ಲಿ ‘ಸೀರಿಯಲ್ ಲೈನ್ ಲೂಪ್ಡ್ ಬ್ಯಾಕ್’ ಎಂದು ಬೀಳುತ್ತದೆ. ಬಹಳ ಜನ ಇದನ್ನು ಓದಿ ತಂತಿ ಬದಲಿಸುತ್ತಿದ್ದರು. ತಂತಿ ಸರಿಯೇ ಇರುತ್ತಿತ್ತು, ಸ್ಕ್ರಿಪ್ಟಿನಲ್ಲಿ ಎರಡು ಸಾಲು ಕಮ್ಮಿ ಇರುತ್ತಿದ್ದವು.

ಆಮೇಲೆ ಸುಲಭದ ಪ್ರೋಗ್ರಾಂಗಳು ಬಂದವು. ಕೆನಡಾದವರು ಮಾಡಿದ ಡಬ್ಲ್ಯುವಿಡಯಲ್ ತಾನೇ ಪ್ರಶ್ನೆ ಊಹಿಸಿ ಉತ್ತರ ಕೊಡುತ್ತಿತ್ತು. ಅದರ ಬುದ್ಧಿವಂತಿಕೆ ಹೆಚ್ಚಾಗಿ ತೊಂದರೆ ಆದಾಗ ಹಾಕಲು ಒಂದು ಸಾಲು ಇತ್ತು, ‘ಸ್ಟುಪಿಡ್ ಮೋಡ್ = 1’. ಹಾಗೆ ಬರೆದರೆ ಊಹೆ ಬಿಟ್ಟು, ಕನೆಕ್ಟ್ ಆದ ತಕ್ಷಣ ಪಿಪಿಪಿಡಿ ಶುರು ಮಾಡುತ್ತದೆ. ನಾನು ಪತ್ರಿಕೋದ್ಯಮ ಡಿಪ್ಲೊಮಾ ಮಾಡುವಾಗ ಯುಎಸ್‌ಬಿ ಡಾಂಗಲ್ ಕಾಲ. ಹಳೇ ಲ್ಯಾಪ್‌ಟಾಪಿಗೆ ಉಬುಂಟು ಹಾಕಿ ಮೊದಲ ವರದಿಗಳನ್ನು ಕಳಿಸಿದ್ದು ಅದರಿಂದಲೇ. ಡಾಂಗಲ್‌ಗೆ ಹೊಡೆಯಬೇಕಾದ ನಂಬರ್ *99#, ಸಿಡಿಎಂಎ ಆದರೆ #777. ಫೋನ್ ತಂತಿ ಇಲ್ಲ, ಎಕ್ಸ್‌ಚೇಂಜ್ ಇಲ್ಲ, ಆದರೂ ‘ಎಟಿಡಿ’ ಇತ್ತು, ಕನೆಕ್ಟ್ ಇತ್ತು. ನನ್ನದಕ್ಕೂ ಸ್ಟುಪಿಡ್ ಮೋಡ್ ಹಾಕಿದ ಮೇಲೆಯೇ ಕೆಲಸ ಆದದ್ದು.

ಈಗ ನಮ್ಮೂರಿಗೆ ಫೈಬರ್ ಬಂದಿದೆ. ಎಷ್ಟೋ ಮನೆಗಳ ರೌಟರ್ ಒಳಗೆ ಓಡುತ್ತಿರುವುದು ಪಿಪಿಪಿಒಇ, ಅದೇ ಪಿಪಿಪಿ, 1999ರಲ್ಲಿ ಈಥರ್ನೆಟ್ ಮೇಲೆ ಕೂರಿಸಿದ್ದು. ಲೈನ್ ಹಾಕುವ ಹುಡುಗ ತುಂಬುವ ಯೂಸರ್ ನೇಮ್, ಪಾಸ್‌ವರ್ಡ್ ಪ್ಯಾಪ್‌ನದ್ದೋ ಅದರ ಅಣ್ಣತಮ್ಮ ಚಾಪ್‌ನದ್ದೋ. ಮಳೆಗಾಲದಲ್ಲಿ ನೆಟ್ ಹೋದಾಗ ನಿಮ್ಮ ಮೊಬೈಲಿನಿಂದಲೇ ರೌಟರಿನ ಪುಟ ತೆರೆದು ಲಾಗ್ ಎಂಬ ಜಾಗ ನೋಡಿ. ‘ಪಾಡೊ’ಗೆ ಕಾದು ಹೊತ್ತು ಮೀರಿತು ಎಂದಿದ್ದರೆ ಆ ಕಡೆಯಿಂದ ಉತ್ತರವೇ ಬಂದಿಲ್ಲ. ಲೈನ್ ತುಂಡಾಗಿರಬಹುದು, ಇಲ್ಲವೇ ಆ ಕಡೆಯ ಯಂತ್ರ ಮಲಗಿರಬಹುದು. ನೀವು ಪಾಸ್‌ವರ್ಡ್ ಎಷ್ಟು ಸಲ ತುಂಬಿದರೂ ಉಪಯೋಗ ಇಲ್ಲ. ‘ಅಥೆಂಟಿಕೇಷನ್ ಫೇಲ್ಡ್’ ಎಂದಿದ್ದರೆ ಲೈನ್ ಸರಿ ಇದೆ, ಖಾತೆಯದ್ದೋ ಪಾಸ್‌ವರ್ಡಿನದ್ದೋ ತಕರಾರು. ಇದನ್ನು ಹೇಳಿ ಫೋನ್ ಮಾಡಿದರೆ ಲೈನ್‌ಮ್ಯಾನ್ ಏಣಿ ತಗೊಂಡು ಬರಬೇಕೋ ಆಫೀಸಿನಲ್ಲೇ ಕೂತು ಸರಿ ಮಾಡಬೇಕೋ ಅವನಿಗೂ ಗೊತ್ತಾಗುತ್ತದೆ. ಹೋದ ಆಷಾಢದಲ್ಲಿ ನಮ್ಮ ಓಣಿಗೆ ನಾಲ್ಕು ದಿನ ನೆಟ್ ಇರಲಿಲ್ಲ. ಮೂರು ದಿನ ನಾವೆಲ್ಲ ಫೋನ್ ಮಾಡಿ ಹೇಳಿದ್ದು “ನೆಟ್ ಇಲ್ರೀ” ಅಂತಲೇ.

ಚೀಟಿಯನ್ನು ಫೋಟೋ ಹೊಡೆದು ಇಲ್ಲಿ ಹಾಕುತ್ತೇನೆ ಅಂದೆ. ಕಾಕಾ ಕೊಡುವ ಮೊದಲು ಕನ್ನಡಕ ಹಾಕಿಕೊಂಡು ಕೊನೆಯ ಸಾಲು ನೋಡಿದ. ಪೆನ್ ತಗೊಂಡು ಪಾಸ್‌ವರ್ಡ್ ಮೇಲೆ ದಪ್ಪಗೆ ಗೀಚಿದ. ಆ ಖಾತೆ ಮುಚ್ಚಿ ಎಷ್ಟೋ ವರ್ಷವಾಯಿತಲ್ಲ ಕಾಕಾ, ಅಂದೆ.

“ಈಗಿನ ಬ್ಯಾಂಕಿನ ಆ್ಯಪ್‌ಗೂ ಅದನ್ನ ಇಟ್ಟೇನೋ ತಮ್ಮಾ” ಅಂದ.